ಅಂಟಿಕೊಂಡ ಎರಡು ಪುಟ

ನನ್ನದು ಮೊದಲಿನಿಂದಲೂ ಗಡಿಬಿಡಿಯ ಜೀವ. ಬೆಳಿಗ್ಗೆ ಬೀದರದ ಬಾಡಿಗೆ ಕೋಣೆಯಲ್ಲಿ ಕುಳಿತು ಕೇಳುಪುಸ್ತಕದ ಕಂಪನಿಗಾಗಿ ಕಾದಂಬರಿ ಓದಿ ರೆಕಾರ್ಡ್ ಮಾಡುವುದು, ಮಧ್ಯಾಹ್ನ ಬೀದಿನಾಟಕದ ಗುಂಪಿನ ಜೀಪು ಹತ್ತಿ ಯಾವುದೋ ಊರಿನಲ್ಲಿ ಕುಡುಕನ ಹೆಂಡತಿಯಾಗಿ ಬಾಯಿ ಬಾಯಿ ಬಡಿದುಕೊಳ್ಳುವುದು, ನಡುವೆ ಸೀರೆ ಅಂಗಡಿಯ ಜಾಹೀರಾತಿಗೆ ನಗುನಗುತ್ತ ನಾಲ್ಕು ಮಾತು. ಒಂದೇ ಕಡೆ ಕುಂತರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ.

ಹೊರಗಿನ ಸದ್ದು ಬರದಿರಲೆಂದು ಕೋಣೆಯ ಗೋಡೆಗೆಲ್ಲ ಹಳೆಬಟ್ಟೆಯ ದಪ್ಪ ಕೌದಿ ಇಳಿಬಿಟ್ಟಿದ್ದೇನೆ. ಓದುವಾಗ ಫ್ಯಾನ್ ಹಾಕುವಂತಿಲ್ಲ. ಬೀದರದ ಬೇಸಿಗೆಯಲ್ಲಿ ಅದೆಂಥ ಶಿಕ್ಷೆ ಎಂಬುದು ಅನುಭವಿಸಿದವರಿಗೇ ಗೊತ್ತು. ಆ ದಿನ ಬೆವರಿಗೆ ಎರಡು ಹಾಳೆ ಒಂದಕ್ಕೊಂದು ಅಂಟಿ ಒಟ್ಟಿಗೇ ಮಗುಚಿದವು. ಕೆಳಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ಆ ಅವಸರದಲ್ಲಿ ಪುಟ ತಪ್ಪಿದ್ದು ನನಗೆ ತಿಳಿಯಲೇ ಇಲ್ಲ. ಕಂಪನಿಯವರೂ ರೆಕಾರ್ಡಿಂಗಿನಲ್ಲಿ ಹೊರಗಿನ ಗದ್ದಲ ಸೇರಿದೆಯೇ ಎಂದಷ್ಟೇ ನೋಡಿ ಪಾಸು ಮಾಡಿಬಿಟ್ಟರು.

ಕೇಳುಪುಸ್ತಕ ಹೊರಬಂದ ಮೇಲೆ ಭಾಲ್ಕಿಯಿಂದ ಅಕ್ಕನ ಫೋನು. ಶಾಲೆಯಲ್ಲಿ ಆಯುಷ್ಯವಿಡೀ ಕನ್ನಡ ಕಲಿಸಿದವಳು. ಸಕ್ಕರೆ ಕಾಯಿಲೆಗೆ ಕಣ್ಣು ಹೋದ ಮೇಲೆ ನನ್ನ ಓದೇ ಅವಳ ಪುಸ್ತಕ. ಕಾದಂಬರಿಯ ಮುದುಕಿ ಈಗಷ್ಟೇ ರೊಟ್ಟಿ ಬಡಿಯುತ್ತಿದ್ದಳು, ಮರುಗಳಿಗೆಗೆ ಅವಳ ಫೋಟೋಕ್ಕೆ ಹೂವು ಹಾಕುತ್ತಿದ್ದಾರೆ, ಸತ್ತದ್ದು ಯಾವಾಗ ಎಂದು ಕೇಳಿದಳು. ಮೂರು ಸಲ ಕೇಳಿದರೂ ತಿಳಿಯಲಿಲ್ಲವಂತೆ. ನಾನು ಬಸ್ಸಿಗೆ ಓಡುತ್ತಿದ್ದೆ. ನಡುವೆ ನಿದ್ದೆ ಹತ್ತಿರಬೇಕು, ವಯಸ್ಸಾಯಿತಲ್ಲ ಎಂದು ನಕ್ಕು ಫೋನಿಟ್ಟೆ.

ವಾರದ ನಂತರ ಅಕ್ಕನ ಸೊಸೆ ಫೋನ್ ಮಾಡಿದಳು. ಅತ್ತೆ ಮೊದಲಿನಂತೆ ಮಾತಾಡುವುದಿಲ್ಲ, ತಲೆಯ ಡಾಕ್ಟರಿಗೆ ತೋರಿಸಿ ಎಂದು ಹಟ ಹಿಡಿದಿದ್ದಾರೆ ಎಂದಳು. ನಮ್ಮವ್ವ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಮರೆತವಳು. ಅಕ್ಕನಿಗೆ ಅದೇ ಭಯ ಹೊಕ್ಕಿತ್ತು. ಅವಳು ಫೋನಿನಲ್ಲಿ ಕೇಳಿದ್ದು ಆಗ ನೆನಪಾಯಿತು. ಪುಸ್ತಕ ತೆಗೆದು ನೋಡಿದರೆ, ಮುದುಕಿ ಸಾಯುವ ಆ ಎರಡು ಪುಟ ಇನ್ನೂ ಅಂಟಿಕೊಂಡೇ ಇದ್ದವು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಒಂದು ದೊಡ್ಡ ಕಾದಂಬರಿಯನ್ನು ಓದಲು ನನಗೇ ಕೊಡುವ ಮಾತು ಕಂಪನಿಯಲ್ಲಿ ನಡೆದಿತ್ತು. ಅಕ್ಕನಿಗೆ ತಿಳಿದರೆ ಮುಗಿಯಿತು, ಮೊದಲು ಕಂಪನಿಗೆ ತಪ್ಪು ಒಪ್ಪಿಕೋ ಎಂದು ಬೆನ್ನು ಹತ್ತುತ್ತಾಳೆ, ಶಾಲೆಯ ಮೇಡಮ್ಮಲ್ಲವೇ, ಬಿಡುವವಳಲ್ಲ. ಕರಾರಿಗೆ ಸಹಿ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅಂದುಕೊಂಡೆನೇ ಹೊರತು ಎರಡು ದಿನ ಅನ್ನ ಸೇರಲಿಲ್ಲ. ಕೌದಿಗಳ ನಡುವೆ ಅತ್ತಿಂದಿತ್ತ ತಿರುಗಿದ್ದೇ ಬಂತು.

ಮೂರನೆಯ ದಿನ ಔರಾದದಲ್ಲಿ ನಾಟಕ. ನೂರು ಸಲ ಹೇಳಿದ ಮಾತು ಬಾಯಿಗೆ ಬರಲಿಲ್ಲ. ಕುಡುಕ ಗಂಡನ ಪಾತ್ರದವನೇ ಪಿಸುಗುಟ್ಟಿ ಹೇಳಿಕೊಟ್ಟ, ನೆರೆದವರು ನಕ್ಕರು. ಒಂದು ಮಾತು ಮರೆತದ್ದಕ್ಕೆ ನನಗೇ ಹೀಗಾದರೆ ಅಕ್ಕನಿಗೆ ಹೇಗಾಗಿರಬೇಡ ಎನಿಸಿ, ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಮುಖದ ಬಣ್ಣ ಅರ್ಧಂಬರ್ಧ ಒರೆಸಿಕೊಂಡು ಭಾಲ್ಕಿ ಬಸ್ಸು ಹತ್ತಿದೆ.

ಅಕ್ಕ ಮಂಚದ ಮೇಲೆ ಫೋನು ಕಿವಿಗೆ ಹಿಡಿದು ಕುಳಿತಿದ್ದಳು. ಫೋನಿನೊಳಗಿಂದ ನನ್ನದೇ ದನಿ, ಅದೇ ಅಧ್ಯಾಯ.

"ಅಕ್ಕಾ, ನಿನ್ನ ತಲಿ ನೆಟ್ಟಗ ಅದ. ಎರಡು ಪುಟ ನಾನೇ ಓದಿಲ್ಲ," ಎಂದೆ. ಚೀಲದಿಂದ ಪುಸ್ತಕ ತೆಗೆದು ಅಂಟಿದ ಹಾಳೆಗಳನ್ನು ಅವಳ ಕೈಗೆ ಮುಟ್ಟಿಸಿದೆ. ಅವಳು ಉಗುರಿನಿಂದ ಮೆಲ್ಲಗೆ ಬಿಡಿಸಿ, ಎರಡೂ ಪುಟದ ಮೇಲೆ ಬೆರಳಾಡಿಸಿದಳು.

"ನಿನಗ ಯಾವಾಗ ಗೊತ್ತಾತು?"

ಮೂರು ದಿನವಾಯಿತು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ದಿನಾ ಮುಂಜಾನಿ ಎದ್ದು ಮೊದಲ ನಿನ್ನ ಹೆಸರು ಹೇಳಿ ನೋಡ್ತೇನಿ ತಂಗಿ," ಎಂದಳು, "ನೆನಪದನೋ ಇಲ್ಲೋ ಅಂತ."

ನಾನು ಎದ್ದು ಹೊರಗೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಕುಳಿತು ಕಂಪನಿಗೆ ಫೋನ್ ಹಚ್ಚಿದೆ. ಎರಡು ಪುಟ ಬಿಟ್ಟು ಓದಿದ್ದೇನೆ, ತಪ್ಪು ನನ್ನದೇ ಎಂದು ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.