ಹಾಡಿನ ನಡುವೆ ಕೆಮ್ಮಿದ್ದು ಯಾರು?

ನಮ್ಮ ಮನೆತನದಲ್ಲಿ ಆಸ್ತಿಗಾಗಿ ಜಗಳವಾಗಿಲ್ಲ. ಗದ್ದೆಯ ಬದುವಿಗಾಗಿ ಆಗಿಲ್ಲ. ಆಗಿದ್ದು ಒಂದು ಕೆಮ್ಮಿಗಾಗಿ.

ನಗಬೇಡಿ. ನಮ್ಮವ್ವ ಮತ್ತು ಅವಳ ಓರಗಿತ್ತಿ, ಅಂದರೆ ನಮ್ಮ ದೊಡ್ಡವ್ವ, ಎದುರುಬದುರು ಕೂತರೆ ಸಾಕು, ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಆ ಕೆಮ್ಮು ಮಾತಿಗೆ ಬಂದೇ ಬರುತ್ತಿತ್ತು.

“ನೀನೇ ಕಣಕ್ಕ ಕೆಮ್ಮಿದ್ದು.”

“ಸುಮ್ಕಿರೇ, ನಂಗೆಲ್ಲಿತ್ತು ಕೆಮ್ಮು? ನೀನೇ ಕೆಮ್ಮಿ ಪದ ಕೆಡಿಸ್ದೋಳು.”

ಕಥೆ ನಾನು ಹೈಸ್ಕೂಲಿನಲ್ಲಿದ್ದಾಗಿನದು. ನಮ್ಮೂರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಅಲ್ಲಿ ಯಾರ ಮನೆಯ ಮದುವೆಯಾದರೂ ಹಾಡು ಹೇಳಲು ನಮ್ಮಜ್ಜಿ (ಅಪ್ಪನ ಅವ್ವ) ಹೋಗಲೇಬೇಕು. ಅಜ್ಜಿ ಮುಂದೆ ನಿಂತು ಹೇಳುವವಳು. ಇಬ್ಬರು ಸೊಸೆಯರು ಹಿಂದೆ ನಿಂತು ಸೊಲ್ಲು ಹಿಡಿಯುವವರು. ಒಂದು ಸಲ ರೇಡಿಯೋ ಸ್ಟೇಷನ್ನಿನವರು ಈ ಮೂವರನ್ನೂ ರೆಕಾರ್ಡಿಂಗಿಗೆ ಕರೆಸಿಕೊಂಡರು. ಹೊಸ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಬಸ್ಸು ಹತ್ತಿದರು. (ರೇಡಿಯೋದಲ್ಲಿ ಸೀರೆ ಯಾರಿಗೆ ಕಾಣುತ್ತೆ ಅಂತ ಅಪ್ಪ ಕೇಳಿದ್ದಕ್ಕೆ ಅಜ್ಜಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ.)

ಕೆಂಪು ದೀಪ ಹತ್ತಿದ ಮೇಲೆ ಉಸಿರನ್ನೂ ಜೋರಾಗಿ ಬಿಡಬಾರದು ಅಂತ ಅಲ್ಲಿಯವರು ಹೇಳಿದ್ದರಂತೆ. ಸೊಸೆಯರಿಬ್ಬರೂ ಭಯಕ್ಕೆ ಕಣ್ಣು ಮುಚ್ಚಿಕೊಂಡೇ ಹಾಡಿದರಂತೆ.

ಪ್ರಸಾರದ ದಿನ ನಮ್ಮ ಪಡಸಾಲೆಯಲ್ಲಿ ಅರ್ಧ ಊರೇ ಸೇರಿತ್ತು. ಹಳೆಯ ಮೀಡಿಯಂ ವೇವ್ ರೇಡಿಯೋ. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಗಿರಣಿ ತಿರುಗುತ್ತಿದ್ದರೆ ರೇಡಿಯೋ ಕೇಳುವುದು ಉಂಟೇ? ಬರೀ ಗೊರ್ ಅನ್ನುವ ಸದ್ದು. “ಪದ ಯೋಳ್ತಾವ್ರೋ, ಬೋಂಡ ಕರೀತಾವ್ರೋ?” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆ ಗೊರ್ ನಡುವೆ ಒಂದೇ ಒಂದು ಸದ್ದು ಮಾತ್ರ ಸ್ಪಷ್ಟವಾಗಿ ಹೊರಗೆ ಬಂತು.

ಖೊಕ್.

ಅಜ್ಜಿ ತಿರುಗಿ ಇಬ್ಬರು ಸೊಸೆಯರನ್ನೂ ನೋಡಿದಳು. “ಯಾವಳೇ ಅದು ಕೆಮ್ಮಿದ್ದು?”

ಅಲ್ಲಿಂದ ಶುರು. ಅವಳು ಇವಳೆಂದಳು, ಇವಳು ಅವಳೆಂದಳು. ಸ್ಟೇಷನ್ನಿನಿಂದ ಮತ್ತೆ ಕರೆ ಬರಲಿಲ್ಲ. ಅಜ್ಜಿ ಸಾಯುವವರೆಗೂ, “ಇವ್ರಿಬ್ರಲ್ಲಿ ಯಾವಳೋ ಒಬ್ಳು ಕೆಮ್ಮಿ ನನ್ ಮಾನ ಕಳದ್ಲು” ಎಂದು ಬಂದವರಿಗೆಲ್ಲ ಹೇಳಿದಳು. ಅಜ್ಜಿಯ ವಿಷಯ ಒಂದು ಮಾತು ಹೇಳಬೇಕು. ಅವಳು ನಕ್ಕಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ಸೊಸೆಯರ ಮುಂದೆ ನಕ್ಕರೆ ಯಜಮಾನಿಕೆ ಕೈತಪ್ಪುತ್ತೆ ಅನ್ನುವುದು ಅವಳ ಪಾಲಿಸಿ.

ಇಷ್ಟು ವರ್ಷ ಈ ಜಗಳ ತಮಾಷೆಯಾಗಿಯೇ ಇತ್ತು. ಹೋದ ವರ್ಷ ಹೊಳಲಿನಲ್ಲಿ ನಂಟರ ಮದುವೆ. ಯಾರೋ ಇಬ್ಬರಿಗೂ ಹಾಡು ಹೇಳಿ ಅಂದರು. ಅವ್ವ ಗಂಟಲು ಸರಿಮಾಡಿಕೊಂಡಳು. ಅಷ್ಟಕ್ಕೇ ದೊಡ್ಡವ್ವ, “ಕೆಮ್ಮೋರ್ ಜೊತೇಲಿ ನಾನು ಪದ ಯೋಳಾಕಿಲ್ಲ ಕಣಪ್ಪ” ಎಂದುಬಿಟ್ಟಳು. ಅಷ್ಟು ಜನರ ಎದುರಿಗೆ! ಅವ್ವ ಊಟಕ್ಕೂ ಕೂರದೆ ಎದ್ದು ಬಂದಳು. ಅಂದಿನಿಂದ ಮಾತು ಬಂದ್. ಫೋನೂ ಬಂದ್. ಹಬ್ಬಕ್ಕೆ ದೊಡ್ಡವ್ವ ಪೂರಿಗಾಲಿಯಿಂದ ಕಳಿಸುತ್ತಿದ್ದ ಹಪ್ಪಳವೂ ಬಂದ್.

ಈಗ ನನ್ನ ಕಾರಿಗೆ ಬರೋಣ.

ಅವ್ವ ನನ್ನ ಜೊತೆ ಮಂಡ್ಯದಲ್ಲಿರುತ್ತಾಳೆ. ನಾನು ಕೆಲಸಕ್ಕೆ ದಿನಾ ಬೆಸಗರಹಳ್ಳಿ ಕಡೆ ಓಡಾಡುವವಳು. ಈ ವರ್ಷ ಕಾರು ತೆಗೆದುಕೊಂಡೆ. ಶೋರೂಮಿನವರು ಎಲ್ಲ ಬಟನ್ನುಗಳ ಪುರಾಣವನ್ನೂ ಹೇಳಿ, ಕೊನೆಗೆ, “ಡಿಜಿಟಲ್ ರೇಡಿಯೋನೂ ಐತೆ ಮೇಡಂ, ಯಾರೂ ಹಾಕಲ್ಲ ಬುಡಿ” ಎಂದರು. ಯಾರೂ ಹಾಕಲ್ಲ ಅಂದರೆ ಹಾಕಲೇಬೇಕಲ್ಲವೇ? ಮದ್ದೂರು ದಾಟುವಾಗ ಹಾಕಿದೆ. ಸ್ಟೇಷನ್ ಅದೇ ಹಳೆಯ ಸರ್ಕಾರಿ ಸ್ಟೇಷನ್. ಆದರೆ ಗೊರ್ ಇಲ್ಲ! ವೀಣೆ ನುಡಿಸುವವರ ಬೆರಳು ತಂತಿಯ ಮೇಲೆ ಜಾರುವ ಸದ್ದೂ ಕೇಳುತ್ತಿದೆ. ಕಾರ್ಯಕ್ರಮದ ಹೆಸರು ಸ್ಕ್ರೀನಿನ ಮೇಲೆ ಅಕ್ಷರದಲ್ಲಿ ಬರುತ್ತಿದೆ. ಹಿಂದೆ ಒಂದು ಸ್ಟೇಷನ್ ಬರುತ್ತಿದ್ದ ಜಾಗದಲ್ಲಿ ಈಗ ಎರಡು ಮೂರು ಕಾರ್ಯಕ್ರಮ ಕೂತಿವೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಡೇಟಾ ಖರ್ಚಿಲ್ಲ. ನೆಟ್‌ವರ್ಕಿನ ಹಂಗಿಲ್ಲ. ಅಂದಿನಿಂದ ನನಗೆ ಅದರದೇ ಹುಚ್ಚು.

ಹೀಗೆ ಒಂದು ದಿನ ಕೇಳುತ್ತಾ ಬರುತ್ತಿದ್ದೆ. ಉದ್ಘೋಷಕಿ, ಹಳೆಯ ಧ್ವನಿಮುದ್ರಿಕೆಗಳನ್ನು ಹುಡುಕಿ ಮರುಪ್ರಸಾರ ಮಾಡುತ್ತಿದ್ದೇವೆ, ಮುಂದಿನ ವಾರ ಇದೇ ಹೊತ್ತಿಗೆ ಪೂರಿಗಾಲಿಯ ಹೆಂಗಸರ ಮದುವೆ ಹಾಡುಗಳು ಅಂದರು. ನಾನು ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಪೂರಿಗಾಲಿಯ ಹೆಂಗಸರು! ನಮ್ಮವರಲ್ಲದೆ ಇನ್ಯಾರು?

ಅವ್ವನಿಗೆ ಹೇಳಿದೆ. “ಕೇಳಾನ ಬುಡು” ಎಂದಳು, ಏನೂ ಆಗದವಳ ಹಾಗೆ. ಪೂರಿಗಾಲಿಗೇ ಹೋಗಿ ಕೇಳೋಣ, ದೊಡ್ಡವ್ವನ ಜೊತೆ ಅಂದೆ. ಮುಖ ಆ ಕಡೆ ತಿರುಗಿಸಿದಳು. ಆದರೆ ಆ ದಿನ ನನಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದವಳು ಯಾರು? ಅವಳೇ. “ಇವತ್ತು ತೀರ್ಮಾನ ಆಗೋಗ್ಲಿ. ಯಾರ್ ಕೆಮ್ಮಿದ್ದು ಅಂತ ಅವ್ಳ್ ಕಿವೀಲೇ ಕೇಳ್ಲಿ.”

ದೊಡ್ಡವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. “ಬಾ ಮಗ” ಎಂದಳು ನನಗೆ. ಅವ್ವನಿಗೆ ಏನೂ ಹೇಳಲಿಲ್ಲ. ವಿಷಯ ಹೇಳಿದೊಡನೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

ಮೊದಲು ಅವಳ ರೇಡಿಯೋ ಹಾಕಿ ನೋಡಿದೆವು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದೆ, ಆದರೆ ಈಗ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ತೋಟದ ಮೋಟರು. ಅದೇ ಗೊರ್. ಫೋನಿನಲ್ಲಿ ಹಾಕಬಹುದಿತ್ತಲ್ಲ ಅಂತೀರಾ? ಹಾಕಿದೆ. ನೆಟ್‌ವರ್ಕ್ ಸಿಗದೆ ಪರದೆಯ ಮೇಲೆ ಒಂದು ಉಂಗುರ ಸುತ್ತುತ್ತಾ ಕೂತಿತ್ತು.

“ಕಾರಿಗೆ ಬನ್ರವ್ವ” ಅಂದೆ.

“ಪದ ಕೇಳಾಕೆ ಕಾರೊಳಕ್ಕೆ ಯಾಕೆ ಕೂರ್ಬೇಕು?” ಎನ್ನುತ್ತಲೇ ದೊಡ್ಡವ್ವ ಹಿಂದಿನ ಸೀಟು ಹತ್ತಿದಳು. ಅವ್ವ ಆ ಕಡೆಯ ಬಾಗಿಲಿಂದ ಹತ್ತಿದಳು. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ. ಬೀದಿಯ ಹೆಂಗಸರು ಕಿಟಕಿಗಳಿಗೆ ಜೋತುಬಿದ್ದರು.

ಆನ್ ಮಾಡಿದೆ. ಸದ್ದೇ ಇಲ್ಲ! ಡಿಜಿಟಲ್ಲಿನ ಗುಣ ಅದು. ಬಂದರೆ ಸ್ವಚ್ಛ, ಇಲ್ಲದಿದ್ದರೆ ಮೌನ. ಅರೆಬರೆ ವ್ಯವಹಾರ ಇಲ್ಲ. ತಲೆ ಎತ್ತಿ ನೋಡಿದರೆ ಕಾರು ನಿಂತಿದ್ದು ಟ್ರಾನ್ಸ್‌ಫಾರ್ಮರಿನ ಬುಡದಲ್ಲೇ. ಅಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಕಿಟಕಿ ಬಿಡಿ ಎಂದು ಕೂಗಿ, ಗಾಡಿಯನ್ನು ಊರಾಚೆಯ ಗದ್ದೆ ಬಯಲಿಗೆ ಓಡಿಸಿದೆ. ಹಾಡು ಮುಗಿದೇ ಹೋಗಿದ್ದರೆ? ಹಿಂದಿನಿಂದ ಅವ್ವ, “ಬೇಗ ಓಡ್ಸು ಮಗ” ಅಂದಳು. “ಮೆಲ್ಗೆ, ಹಳ್ಳ ಅದೆ” ಅಂದಳು ದೊಡ್ಡವ್ವ.

ಬಯಲು ಮುಟ್ಟಿದ ಕೂಡಲೇ ಸ್ಪೀಕರಿನಿಂದ ಅಜ್ಜಿಯ ದನಿ ಬಂತು.

ಪೀಠಿಕೆ ಇಲ್ಲ, ಗೊರ್ ಇಲ್ಲ. ಅಜ್ಜಿ ನನ್ನ ಪಕ್ಕದ ಸೀಟಿನಲ್ಲೇ ಕೂತು ಹಾಡುತ್ತಿದ್ದ ಹಾಗಿತ್ತು. ಅವಳ ಉಸಿರು ತೆಗೆದುಕೊಳ್ಳುವ ಸದ್ದೂ ಕೇಳಿತು. ಹಿಂದೆ ಇಬ್ಬರು ಪ್ರಾಯದ ಹೆಂಗಸರ ಸೊಲ್ಲು. ಬಳೆಗಳು ಕಿಣಿ ಅಂದವು.

“ನನ್ ಬಳೆ ಅದು” ಎಂದಳು ದೊಡ್ಡವ್ವ, ಬರಿಯ ಮುಂಗೈ ಸವರಿಕೊಂಡು. “ನಿನ್ ಗಂಟ್ಲು ಏಟ್ ಚೆಂದಾಗಿತ್ತಮ್ಮಿ ಆಗ!”

ಅವ್ವ ಸ್ಪೀಕರನ್ನೇ ನೋಡುತ್ತಿದ್ದಳು.

ಬೀಗರನ್ನು ಗೇಲಿ ಮಾಡುವ ಹಾಡು ಅದು. ಬೀಗರ ಮೀಸೆ ಪಾಯಸದೊಳಗೆ ಮುಳುಗುವ ಸಾಲು ಬಂತು. ಅಜ್ಜಿ ಆ ಸಾಲು ಹೇಳಿ ಮುಗಿಸಿದಳು. ಸೊಲ್ಲು ಶುರುವಾಗುವ ಮೊದಲು ಒಂದು ಸಣ್ಣ ಬಿಡುವು. ಅಲ್ಲಿ, ಮೈಕಿನ ಹತ್ತಿರದಲ್ಲೇ, ಆ ಸದ್ದು.

ಅದು ಕೆಮ್ಮಾಗಿರಲಿಲ್ಲ. ತಡೆದರೂ ತಡೆಯಲಾಗದೆ ಬಾಯಿಂದ ಜಾರಿಬಿಟ್ಟ ಒಂದು ನಗೆ. ಹುಡುಗಿಯರು ನಗುವ ಹಾಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಕ್ಕ, ನೀನಲ್ಲ ಅದು” ಎಂದಳು ಅವ್ವ ಮೆಲ್ಲಗೆ.

“ನೀನೂ ಅಲ್ಲ ಕಣೇ. ಅತ್ತೆ! ಅತ್ತೆ ನಗ್ತಾವ್ಳೆ ಕಣಮ್ಮಿ!”

ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವನ ಹೆಗಲು ಕುಣಿಯತೊಡಗಿತು. ಆಮೇಲೆ ಇಬ್ಬರನ್ನೂ ಹಿಡಿಯುವವರಿಲ್ಲ. “ಮುದ್ಕಿ! ತಾನ್ ನಕ್ಬುಟ್ಟು ನಮ್ ತಲೆಗ್ ಕಟ್ಬುಟ್ಲಲ್ಲೇ! ಸಾಯೋಗಂಟ ಬಾಯಿ ಬುಡ್ಲಿಲ್ವಲ್ಲೇ!” ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ನಡುವಿನ ಖಾಲಿ ಜಾಗ ಯಾವಾಗ ಮಾಯವಾಯಿತೋ, ನಾನು ಕನ್ನಡಿಯಲ್ಲಿ ನೋಡುವಷ್ಟರಲ್ಲಿ ಅವ್ವನ ಕೈ ದೊಡ್ಡವ್ವನ ತೊಡೆಯ ಮೇಲಿತ್ತು.

ನಗು ಇಳಿದ ಮೇಲೆ ದೊಡ್ಡವ್ವ ಅಂದಳು. “ಆ ಮೈಕಿನ್ ಮುಂದೆ ನಕ್ಲಲ್ಲ, ನಮ್ ಮುಂದೆ ಒಂದ್ ಕಿತ ನಕ್ಕಿದ್ರೆ ಏನಾಯ್ತಿತ್ತು ಅವ್ಳ್ಗೆ?”

ಅದು ತನ್ನದೇ ನಗು ಎಂದು ಅಜ್ಜಿಗೆ ಗೊತ್ತಿತ್ತೇ? ಗೊತ್ತಿದ್ದೇ ಕೆಮ್ಮು ಅಂದಳೇ? ನನಗಂತೂ ಗೊತ್ತಿತ್ತು ಅನಿಸುತ್ತದೆ. ಸೊಸೆಯರ ಎದುರಿಗೆ ಒಂದು ನಗೆಯನ್ನು ಒಪ್ಪಿಕೊಳ್ಳುವುದಕ್ಕಿಂತ ಒಂದು ಕೆಮ್ಮನ್ನು ಸೃಷ್ಟಿಸುವುದು ಅವಳಿಗೆ ಸುಲಭವಾಗಿತ್ತು. ಪಾಪ, ಅವಳ ಕಾಲದ ಅತ್ತೆಯರಿಗೆ ನಗುವೂ ಒಂದು ಸೋಲು.

ಕೊನೆಯ ಹಾಡಿಗೆ ಇಬ್ಬರೂ ದನಿ ಸೇರಿಸಿದರು. ಸ್ಪೀಕರಿನಲ್ಲಿ ಪ್ರಾಯದ ಸೊಸೆಯರು, ಹಿಂದಿನ ಸೀಟಿನಲ್ಲಿ ಹಲ್ಲು ಬಿದ್ದ ಸೊಸೆಯರು. ಅಷ್ಟು ಹೊತ್ತಿಗೆ ಬೀದಿಯ ಹೆಂಗಸರು ಏದುಸಿರು ಬಿಡುತ್ತಾ ಬಯಲಿಗೆ ಓಡಿ ಬಂದಿದ್ದರು. “ಯಾರ್ ಕೆಮ್ಮಿದ್ದು?” ಎಂದರು. “ಯಾರೂ ಕೆಮ್ಮಿಲ್ಲ, ಓಗ್ರೇ” ಎಂದರು ಇಬ್ಬರೂ ಒಂದೇ ಬಾಯಲ್ಲಿ. ಅತ್ತೆಯ ಗುಟ್ಟು ಬಿಟ್ಟುಕೊಡಲಿಲ್ಲ. (ನಾನು ಪತ್ರಿಕೆಯಲ್ಲಿ ಬಿಟ್ಟುಕೊಡುತ್ತಿದ್ದೇನೆ. ದೊಡ್ಡವ್ವ ಪತ್ರಿಕೆ ಓದುವುದಿಲ್ಲ ಅನ್ನುವ ಧೈರ್ಯ.) ಮಧ್ಯಾಹ್ನ ಅವರೆಕಾಳಿನ ಸಾರು, ಮುದ್ದೆ. ಅವ್ವ ಎರಡನೆಯ ಸಲ ಬಡಿಸಿಕೊಂಡಳು.

ಹೊರಡುವಾಗ ದೊಡ್ಡವ್ವ ಕೇಳಿದಳು. “ಇಂತಾ ರೇಡಿಯ ಮನೇಗ್ ತರಾಕಾಯ್ತದಾ ಮಗ? ಒಲೆ ಮುಂದೆ ಮಡೀಕತೀನಿ.”

ಮಳವಳ್ಳಿಯಲ್ಲಿ ಕೇಳಿದೆ. ಮದ್ದೂರಿನಲ್ಲಿ ಕೇಳಿದೆ. ಮಂಡ್ಯದ ಅಂಗಡಿಯವರೊಬ್ಬರು ನನ್ನನ್ನು ಕನಿಕರದಿಂದ ನೋಡಿ, “ಮೇಡಂ, ರೇಡಿಯೋ ಕೇಳೋರೇ ಇಲ್ಲ. ಡಿಜಿಟಲ್ಲು ಎಲ್ಲಿಂದ ತರ್ಲಿ?” ಅಂದರು. ಕೇಳುವವರು ಇಲ್ಲವೇ? ಪೂರಿಗಾಲಿಯ ಆ ಬೀದಿಯ ಹೆಂಗಸರು ಯಾರು ಹಾಗಾದರೆ? ಕಳೆ ಕೀಳುವಾಗ, ರೊಟ್ಟಿ ತಟ್ಟುವಾಗ, ಕರೆಂಟು ಹೋದಾಗ ರೇಡಿಯೋ ಕೇಳುವವರು ಅವರೇ ಅಲ್ಲವೇ? ಮಳೆ ಬರುತ್ತದೋ, ಹೊಳೆ ಏರುತ್ತದೋ ಅನ್ನುವ ಸುದ್ದಿ ಗೊರ್ ಇಲ್ಲದೆ ಮೊದಲು ಮುಟ್ಟಬೇಕಾದ್ದು ಅವರಿಗೇ ಅಲ್ಲವೇ?

ಈಗಿನ ಸ್ಥಿತಿ ಏನೆಂದರೆ, ಹೆದ್ದಾರಿಯಲ್ಲಿ ಏಸಿ ಹಾಕಿಕೊಂಡು ಹೋಗುವ ನನ್ನಂಥವಳಿಗೆ ತಂತಿ ಮೀಟುವ ಬೆರಳೂ ಕೇಳಿಸುತ್ತೆ. ಹಾಡಿದ ದೊಡ್ಡವ್ವನಿಗೆ ಬೋಂಡ ಕರಿಯುವ ಸದ್ದು.

ನೀವೇ ಹೇಳಿ, ಅವಳ ಅಡುಗೆಮನೆಯೊಳಕ್ಕೆ ನಾನು ಕಾರು ನುಗ್ಗಿಸಲೇ?