ಕಬ್ಬು ಕಡಿಯಲು ಬಂದಾಕೆಯ ಹೆರಿಗೆ

ಆ ಸಲ ಖಜೂರಿಯ ಹತ್ತಿರದ ನಮ್ಮ ಹೊಲದಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯ ಕೂಲಿಗಳ ಗುಂಪು ಬಂದಿತ್ತು. ಹೊಲದಂಚಿನಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲೊಬ್ಬಾಕೆ ದಿನ ತುಂಬಿದ ಬಸುರಿ. ಆದರೂ ಹೊರೆ ಕಟ್ಟುತ್ತಿದ್ದಳು. ಒಂದು ಮಧ್ಯಾಹ್ನ ಹೊರೆಯ ಮೇಲೆಯೇ ಕುಸಿದು ಕೂತಳು.

ನನ್ನ ಹೆಂಡತಿ ಆಕೆಯನ್ನು ಜೀಪಿಗೆ ಹತ್ತಿಸಿ ತಾನೂ ಹಿಂದೆ ಕೂತಳು. ಆಕೆಯ ಗಂಡ ನನ್ನ ಪಕ್ಕ. ಡಾಂಬರು ರಸ್ತೆ ಸೇರುವಲ್ಲಿ ಗಾಡಿ ನಿಲ್ಲಿಸಿದೆ. ಈ ಕಡೆ ಆಳಂದ, ಆ ಕಡೆ ಗಡಿ ದಾಟಿದರೆ ಉಮರ್ಗಾ.

"ಉಮರ್ಗಾಕ್ಕ ನಡ್ರಿ ಮಾಲಕ್," ಎಂದ ಗಂಡ. ವರ್ಷವರ್ಷವೂ ಬಂದು ನಮ್ಮ ಮಾತು ಕಲಿತಿದ್ದ. "ನಮ್ಮ ಕಾರ್ಡ್ ಎಲ್ಲಾ ಮಹಾರಾಷ್ಟ್ರದ್ದು. ಇಲ್ಲಿ ನಮ್ಮನ್ನ ಯಾರ್ ಕೇಳ್ತಾರ್ರಿ?"

ನನಗೂ ಗೊತ್ತಿರಲಿಲ್ಲ. ಆಳಂದ ನಮಗೆ ಪರಿಚಯದ್ದು, ಅವರಿಗಲ್ಲ. ಉಮರ್ಗಾ ಅವರ ರಾಜ್ಯದ್ದೇ, ಆದರೆ ಅವರ ಊರು ಅಲ್ಲಿಂದಲೂ ಬಹಳ ದೂರ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಎಂಜಿನ್ ಬಂದ್ ಮಾಡಿದೆ, ಮತ್ತೆ ಚಾಲೂ ಮಾಡಿದೆ.

"ಆಕಿನ್ನ ಕೇಳ್ರಿ ಒಮ್ಮೆ!" ಎಂದು ಹೆಂಡತಿ ಗದರಿದಳು.

ಆಕೆ ಕಣ್ಣು ತೆರೆಯದೆ ಮರಾಠಿಯಲ್ಲಿ ಏನೋ ಅಂದಳು. ಗಂಡ ತಲೆ ತಗ್ಗಿಸಿ ನಮಗೆ ತಿಳಿಸಿದ: "ಹೆಣ್ಮಗಳು ಡಾಕ್ಟರ್ ಎಲ್ಲಿ ಅದಾರ, ಅಲ್ಲಿಗಿ ಅಂತ್ರಿ."

"ಆಳಂದದಾಗ ಅದಾರ," ಎಂದಳು ಹೆಂಡತಿ. ಜೀಪು ತಿರುಗಿಸಿದೆ.

ಆಸ್ಪತ್ರೆ ಬಾಗಿಲಲ್ಲಿ ನರ್ಸ್ "ಯಾವೂರ್ರಿ?" ಎಂದಾಗ ಗಂಡ ತನ್ನ ಊರು ಹೇಳಿದ, ನಾನು ಖಜೂರಿ ಎಂದೆ, ಇಬ್ಬರೂ ಒಟ್ಟಿಗೇ. "ಯಾವುದರೆ ಒಂದ ಹೇಳ್ರಿ," ಎನ್ನುತ್ತಲೇ ನರ್ಸ್ ಸ್ಟ್ರೆಚರ್ ಒಳಗೆ ತಳ್ಳಿಕೊಂಡು ಹೋದಳು. ಸಂಜೆಯೊಳಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಚೆನ್ನಾಗಿದ್ದಳು.

ಕೂಸಿನ ಮುಂದಿನ ಲಸಿಕೆಗೆ ನಮ್ಮೂರ ಆಶಾ ಕಾರ್ಯಕರ್ತೆ ಹೊಲಕ್ಕೆ ಬಂದಾಗ ಗುಡಿಸಲುಗಳೇ ಇರಲಿಲ್ಲ. ಕಬ್ಬು ಮುಗಿದು ಎಲ್ಲರೂ ಲಾರಿ ಹತ್ತಿದ್ದರು.

"ಎಲ್ಲಿಗಿ ಹೋದ್ರು ಅಂತ ಬರೀಲಿ?" ಎಂದಳು. ನಾನು ಗಂಡನಿಗೆ ಫೋನ್ ಹಚ್ಚಿದೆ.

ಅವನು ಆಗಲೇ ಇನ್ಯಾವುದೋ ದವಾಖಾನೆಯಲ್ಲಿದ್ದ. "ಮಾಲಕ್, ಕೂಸಿನ ಊರು ಯಾವುದಂತ ಕೇಳಾಕತ್ತಾರ. ಹುಟ್ಟಿದ್ದು ಹೇಳ್ಲೋ, ನಮ್ಮದು ಹೇಳ್ಲೋ, ಈಗ ಇರೋದು ಹೇಳ್ಲೋ?"

"ಈಗ ಎಲ್ಲಿ ಅದೀರಿ?"

"ಅದ ತಿಳಿವಲ್ದು. ಭೀಮಾ ಹೊಳಿ ದಾಟೀವಿ. ಸಕ್ರಿ ಫ್ಯಾಕ್ಟರಿ ಹೊಸಾದು."

ಅಷ್ಟರಲ್ಲಿ ಫೋನಿನಲ್ಲಿ ಕೂಸು ಚಿಟ್ಟನೆ ಚೀರಿತು. "ಚುಚ್ಚಿದ್ರು ಬಿಡ್ರಿ," ಎಂದು ಅವನು ನಕ್ಕ.

"ಲಸಿಕೆ ಹಾಕಿದ್ರಂತ," ಎಂದೆ ಆಶಾ ಕಾರ್ಯಕರ್ತೆಗೆ.

"ಎಲ್ಲಿ?" ಎಂದಳು.

ನಾನು ಹೊಳೆಯಿರುವ ದಿಕ್ಕಿಗೆ ಕೈ ತೋರಿಸಿದೆ.