ಸೋಸದ ತೀರ್ಥ

ನನಗ ಹಾವಿನ ಅಂಜಿಕಿ ಇಲ್ಲ, ಕತ್ತಲದ್ದೂ ಇಲ್ಲ. ನೀರಿನ ಅಂಜಿಕಿ ಅದ. ಇವತ್ತಿಗೂ ಕೊಡದ ಬಾಯಿಗೆ ಎರಡು ಪದರ ಅರಿವಿ ಕಟ್ಟದ ನೀರು ತುಂಬಂಗಿಲ್ಲ. "ನಳದ ನೀರು ಬರತಾವ, ಮತ್ಯಾಕ ಸೋಸತಿ?" ಅಂತ ಮನಿಮಂದಿ ನಗತಾರ. ನಗಲಿ. ನಾ ಕಂಡದ್ದು ಅವರು ಕಂಡಿಲ್ಲ.

ತೊಂಬತ್ತರ ದಶಕದ ಸುರುವಿನ ಮಾತು. ನನ್ನ ತವರಮನಿ ಬೈಲಹೊಂಗಲ. ಕೊಟ್ಟದ್ದು ಹೂಲಿ ದಾಟಿದ ಮ್ಯಾಲ ಬರೋ ಒಂದು ಸಣ್ಣ ಊರಿಗೆ, ಗುಡಿ ಪೂಜಿ ಮಾಡೋ ಮನಿಗೆ. ಅತ್ತಿಯವರು ಮೊದಲ ತೀರಿಕೊಂಡಿದ್ದರು. ಮಾವನವರದೇ ಕಾರಭಾರ. ಗುಡಿ ಮುಂದ ಪಾವಟಿಗಿ ಬಾವಿ. ಮಂದಿ ಪಾವಟಿಗಿ ಇಳದು, ನೀರಾಗ ಕಾಲಿಟ್ಟು, ಕೊಡ ತುಂಬಿಕೊಂಡು ಹತ್ತತಿದ್ದರು.

ನಾ ಬಂದ ಹೊಸದರಾಗ ನಮ್ಮ ಗ್ವಾಡಿ ಕಟ್ಟಲಿಕ್ಕೆ ಒಬ್ಬ ಗೌಂಡಿ ಚಾಚಾ ಬಂದಿದ್ದರು. ಕಟ್ಟಿ ಮ್ಯಾಲ ಕುಂತು ಕಾಲಿನ ಪಟ್ಟಿ ಬಿಚ್ಚಿದರು. ಹಿಮ್ಮಡದ ಮ್ಯಾಲ ಹುಣ್ಣು. ಅದರಾಗಿಂದ ಶಾವಿಗಿ ಎಳಿಯಂಥದು ಹೊರಗ ಬಂದಿತ್ತು, ಅದನ್ನ ಒಂದು ಕಡ್ಡಿಗೆ ಸುತ್ತಿಟ್ಟಿದ್ದರು. "ಜಗ್ಗಿದ್ರ ಹರಿತೈತಿ ತಂಗಿ, ಹರದ್ರ ಒಳಗ ಕೊಳಿತೈತಿ. ದಿನಾ ಚೂರು ಚೂರು ಸುತ್ತಬೇಕು" ಅಂದರು, ಹೊಲದ ಸುದ್ದಿ ಹೇಳಿದಂಗ. ಆ ಎಳಿ ಅಳ್ಳಾಡಿತು. ಯವ್ವಾ! ನಾ ಹಿತ್ತಲಕ್ಕ ಓಡಿ ವಾಂತಿ ಮಾಡಿಕೊಂಡೆ.

ಅದಕ್ಕ ನಾರುಹುಣ್ಣು ಅಂತಾರ. ಸವದತ್ತಿ ಕಡೆಯಿಂದ ಬರತಿದ್ದ ನರ್ಸಬಾಯಾರು ಎಲ್ಲಾ ಬಿಡಿಸಿ ಹೇಳಿದರು. ಹುಣ್ಣಾದವರು ಉರಿ ತಾಳಲಾರದ ಕಾಲು ನೀರಾಗ ಇಡತಾರ, ಆಗ ಆ ಹುಳ ನೀರಾಗ ಮರಿ ಬಿಡತದ. ಆ ನೀರು ಸೋಸದ ಕುಡದವರ ಮೈಯಾಗ ಅದು ಒಂದು ವರ್ಷ ಸುಮ್ನ ಬೆಳದು, ಕಾಲಾಗ ಹೊರಗ ಬರತದ.

"ಕುಡದಮ್ಯಾಲ ಔಷಧ ಏನ್ರಿ?" ಅಂತ ಕೇಳಿದೆ.

"ಔಷಧ ಇಲ್ರಿ ಅಕ್ಕಾರ. ಕಾಯೂದು ಅಷ್ಟ."

ಆ ಮಾತು ನನ್ನ ಎದಿಯೊಳಗ ಕುಂತುಬಿಡ್ತು.

ಮುಂದ ನನಗ ಮಗಳು ಹುಟ್ಟಿ ಓಡಾಡೂ ಹೊತ್ತಿಗೆ ಊರಾಗ ಬೋರಿಂಗು ಹಾಕಿದರು. ಸಾಲಿ ಮಾಸ್ತರು ಮನಿಮನಿ ತಿರುಗಿ ಬಾವಿ ನೀರು ಬಿಡ್ರಿ ಅಂತ ಹೇಳಿದರು. ಊರೆಲ್ಲಾ ಬೋರಿಂಗಿಗೆ ಹೋತು, ನಮ್ಮನಿ ಒಂದು ಬಿಟ್ಟು. ಯಾಕಂದ್ರ ಬೋರಿಂಗಿನ ಒಳಗ ತೊಗಲಿನ ವಾಶರ್ ಇರತದಂತ. ಮಾವನವರು ಕೆಂಡ ಆದರು. "ಸತ್ತ ದನದ ತೊಗಲು ದಾಟಿ ಬಂದ ನೀರನ್ನ ದೇವರ ತಲಿ ಮ್ಯಾಲ ಸುರಿಲೇನು?" ಮಡಿ ಅಂದ್ರ ಮಡಿ. ಅವರ ಮುಂದ ಯಾರು ಮಾತಾಡಬೇಕು? ನಾ ಅಡಗಿಮನಿಗೆ ಬಂದ ನೀರನ್ನ ಹನಿ ಬಿಡದ ಸೋಸತಿದ್ದೆ. ಸೋಸಿದ್ದನ್ನ ಕುದಿಸತಿದ್ದೆ. ನನ್ನ ಮಗಳ ಹತ್ತರ ಅದು ಸುಳಿಯಂಗಿಲ್ಲ ಅಂತ ಹುಂಬ ಧೈರ್ಯ.

ಆದರ ಊರಾಗ ನಾರುಹುಣ್ಣು ನಿಲ್ಲಲಿಲ್ಲ. ಬೋರಿಂಗು ಬಂದು ವರ್ಷದ ಮ್ಯಾಲಾದರೂ ಹೊಸಾ ಮಂದಿಗೆ ಬರೂದು ಬಂತು. ಒಂದು ಮುಂಜಾನಿ ನರ್ಸಬಾಯಾರು ನಮ್ಮ ಕಟ್ಟಿ ಮ್ಯಾಲ ಸೋತು ಕುಂತಿದ್ದರು. "ಬಾವಿಗೆ ಕಾಲು ತೊಳ್ಯಾಕ ಇಳಿತಾರ, ಖರೆ. ಆದರ ಆ ನೀರ ಸೋಸದ ಯಾರೂ ಕುಡ್ಯಾಂಗಿಲ್ಲ. ಮತ್ತ ಇದು ಎಲ್ಲಿಂದ ಬರಾಕತ್ತೈತ್ರಿ?"

ಅಷ್ಟರಾಗ ಮಾವನವರು ಪೂಜಿ ಮುಗಿಸಿ ಬಂದರು. ಮಗಳು "ಅಜ್ಜಾ, ತೀರ್ಥ!" ಅಂತ ಓಡಿ ಹೋಗಿ ಅಂಗೈ ಒಡ್ಡಿದಳು. ಉದ್ಧರಣಿಯಿಂದ ಬಿದ್ದ ನೀರನ್ನ ಹೀರಿ, ಒದ್ದಿ ಕೈ ತಲಿಗೆ ಒರಸಿಕೊಂಡಳು.

ಅದು ಮಾವನವರು ಮಡಿಲೆ ಬಾವಿಗಿಳದು ತಂದ ನೀರು. ಸೋಸಿದ್ದಲ್ಲ, ಕುದಿಸಿದ್ದಂತೂ ಅಲ್ಲ. ತೀರ್ಥ ಅಂದ್ರ ತೀರ್ಥ. ಅದೂ ಬಾವಿ ನೀರು ಅಂತ ಯಾರು ಎಣಿಸತಾರ? ನಾನೂ ಎಣಿಸಿರಲಿಲ್ಲ. ಮಗಳು ದಿನಾ ಕುಡದಿದ್ದಳು. ಬೋರಿಂಗಿನ ಕೊಡ ಹೊತ್ತ ಊರಮಂದಿನೂ ಗುಡಿಗೆ ಬಂದು ದಿನಾ ಕೈಯೊಡ್ಡತಿದ್ದರು.

ಇತ್ತ ದರಿ ಅತ್ತ ಪುಲಿ ಆತು. ಹೇಳಿದರ ಮಾವನವರ ಜೀವಮಾನದ ಪೂಜಿಗೇ ಹೊಲಸು ಹಚ್ಚಿದಂಗ. ಹೇಳದಿದ್ದರ ನಾಳಿಗೂ ಆ ಉದ್ಧರಣಿ ಬೀಳತದ. ತಲಿ ಮ್ಯಾಲ ಸೆರಗು ಹೊತ್ತು, ಅವರ ಎದುರಿಗೇ ನರ್ಸಬಾಯಾರಿಗೆ ಹೇಳಿದೆ. ಬೈತಾರ ಅಂತ ಕಣ್ಣು ಮುಚ್ಚಿದ್ದೆ. ಮಾವನವರು ಬೈಲಿಲ್ಲ. ತಂಬಗಿ ಕೆಳಗಿಟ್ಟು ಒಳಗ ಹೋದರು.

ಆ ವಾರದಾಗ ನರ್ಸಬಾಯಾರು ನೀರಿನ ಇಲಾಖಿಯ ಮಿಸ್ತ್ರಿನ್ನ ಕರಕೊಂಡು ಬಂದರು, ಪಂಚಾಯ್ತಿಯವರು ಬಂದರು, ಮಾಸ್ತರು ಬಂದರು, ಚಾಚಾನೂ ಬಂದರು. ಒಬ್ಬರ ಮುಖ ಒಬ್ಬರು ನೋಡದ ಮಂದಿ ನಮ್ಮ ಕಟ್ಟಿ ಮ್ಯಾಲ ಕುಂತು ಚಹಾ ಕುಡದರು. ಬೋರಿಂಗು ಬಿಚ್ಚಿ ತೊಗಲಿನ ವಾಶರ್ ತಗದು, ಹಾಕೋ ರಬ್ಬರಿನದನ್ನ ಮಾವನವರ ಕೈಯಾಗ ಕೊಟ್ಟರು. ಅವರು ಅದನ್ನ ಮೂಸಿ ನೋಡಿ "ಹೂಂ" ಅಂದರು. ಮರುದಿನದಿಂದ ಮಡಿಲೆ ತಾವ ಬೋರಿಂಗು ಹೊಡದು ದೇವರಿಗೆ ನೀರು ತಂದರು. ಬಾವಿ ಪಾವಟಿಗಿ ಮುಚ್ಚಿ ಗ್ವಾಡಿ ಕಟ್ಟತೇವಿ ಅಂದದ್ದಕ್ಕ ಮಾತ್ರ, "ಹಿರ್ಯಾರು ಕಟ್ಟಿಸಿದ್ದು, ಮುಟ್ಟಬ್ಯಾಡ್ರಿ" ಅಂದುಬಿಟ್ಟರು.

ಊರಿಗೇನೋ ಹಾದಿ ಸಿಕ್ತು. ನನ್ನ ಮಗಳು ಕುಡದದ್ದು ಕುಡದಾಗಿತ್ತು. ದಿನಾ ದೀಪ ಹಚ್ಚೂ ಹೊತ್ತಿಗೆ ಆಕಿನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಹಿಮ್ಮಡ, ಬೆರಳ ಸಂದಿ, ಮೊಣಕಾಲು ನೋಡತಿದ್ದೆ. ನುಸಿ ಕಡದು ಗುಳ್ಳಿ ಎದ್ದರ ನನ್ನ ಜೀವ ಬಾಯಿಗೆ ಬರತಿತ್ತು. ಆಕಿ ಕಚಗುಳಿ ಅಂತ ಕಿಲಕಿಲ ನಗತಿದ್ದಳು. ಆ ನಗು ಕೇಳಿದರೂ ನನಗ ಅಳು ಬರತಿತ್ತು.

ಮರುವರ್ಷ ಬ್ಯಾಸಗಿಯೊಳಗ ಒಂದು ಮುಂಜಾನಿ ಬಾವಿ ಕಡೆಯಿಂದ ಮಾವನವರ ಕೂಗು. ಓಡಿ ಹೋದೆ. ಮ್ಯಾಲಿನ ಪಾವಟಿಗಿ ಮ್ಯಾಲ ಕಲ್ಲಿನ ಕಂಬ ತಬ್ಬಿಕೊಂಡು ನಿಂತಿದ್ದರು. ಎಡಗಾಲಿನ ಗುಳ್ಳಿ ಒಡದಿತ್ತು.

"ಗೌಂಡಿನ್ನ ಕರಿ ತಂಗಿ! ಈಗಿಂದೀಗ ಗ್ವಾಡಿ ಕಟ್ಟಲಿ. ಬೆಂಕಿ ಇಟ್ಟಂಗ ಉರಿಲಿಕ್ಕೆ ಹತ್ಯದ, ಕಾಲು ನೀರಿಗೆ ಎಳಿತದ. ನನ್ನ ಮ್ಯಾಲ ನನಗ ಭರೋಸಾ ಇಲ್ಲ."

ಚಾಚಾ ಬಂದು ಕಲ್ಲು ಇಡೂತನಕ ಅವರು ಆ ಕಂಬ ಬಿಡಲಿಲ್ಲ. ನಾ ಬಕೀಟಿನಾಗ ತಣ್ಣೀರು ತಂದು ಅವರ ಕಾಲು ಇಡಿಸಿದೆ, ಆ ನೀರು ದೂರ ಒಣನೆಲಕ್ಕ ಚೆಲ್ಲಿದೆ. ಚೆಲ್ಲಿ ಬಂದಾಕಿ ಮೊದಲ ಮಗಳ ಕಾಲು ಹಿಡದು ನೋಡಿದೆ. ಅಜ್ಜನ ಕಾಲಾಗ ಬಂದದ್ದು ಅದೇ ತೀರ್ಥದ್ದು.

ಅವರೂ ಅದನ್ನ ತಿಳಕೊಂಡಿದ್ದರು. ಕಡ್ಡಿಗೆ ಎಳಿ ಸುತ್ತಿಕೋತ ಕುಂತವರು, ಸಂಜಿಕೆ ನನಗಿಂತ ಮೊದಲ ಮೊಮ್ಮಗಳ ಪಾದ ಹಿಡದು ನೋಡಲಿಕ್ಕೆ ಸುರು ಮಾಡಿದರು. ನನ್ನ ಮಾರಿ ಮಾತ್ರ ನೋಡತಿರಲಿಲ್ಲ.

ಸ್ವಲ್ಪ ದಿವಸಕ್ಕ ಅವರ ಬಲಗಾಲಿನಾಗೂ ಗುಳ್ಳಿ ಎದ್ದಿತು. "ಬಂತು! ತಂಗಿ, ಬಾ ಇಲ್ಲೆ, ಬಂತು ನೋಡು!" ಅಂತ ಮನಿಯಲ್ಲಾ ಕೇಳೂಹಂಗ ಒದರಿದರು. ಹೋಗಿ ನೋಡಿದರ ಅಳಲಿಕ್ಕೆ ಹತ್ತ್ಯಾರ, ನಗಲಿಕ್ಕೂ ಹತ್ತ್ಯಾರ. "ಇದು ಕೂಸಿನ ಪಾಲಿಂದು. ಆಕಿದು ನನ್ನ ಕಾಲಾಗ ಹಾಕು ಅಂತ ದೇವರಿಗೆ ದಿನಾ ಬೇಡಿಕೊಂಡಿದ್ದೆ. ಹಾಕ್ಯಾನ. ಇನ್ನ ಅಂಜಬ್ಯಾಡ."

ಆ ಕಾಲು ಹಿಡಕೊಂಡು ನಾ ಅತ್ತೆ. ಒಬ್ಬರಿಗೇ ಎರಡೇನು, ನಾಲ್ಕೂ ಬರಬಹುದು, ಒಬ್ಬರಿಗೆ ಬಂದರ ಇನ್ನೊಬ್ಬರದು ತಪ್ಪಂಗಿಲ್ಲ ಅಂತ ನರ್ಸಬಾಯಾರು ನನಗ ಮೊದಲ ಹೇಳಿದ್ದರು. ಅದನ್ನ ಮಾವನವರಿಗೆ ಹೇಳಲಿಲ್ಲ. ಅವತ್ತಿನಿಂದ ಅವರು ಆಕಿ ಕಾಲು ನೋಡೂದು ಬಿಟ್ಟರು. ಆ ಬ್ಯಾಸಗಿ ಮುಗಿದು, ಬಾವಿ ತೀರ್ಥ ನಿಂತು ವರ್ಷ ದಾಟಿ, ಮಳಿ ಹಿಡಿಯೂತನಕ ನಾ ಒಬ್ಬಾಕೀನ ನೋಡಿದೆ, ಅವರಿಗೆ ಕಾಣದಂಗ, ಹಿತ್ತಲದಾಗ. ಏನೂ ಬರಲಿಲ್ಲ.